ಯುದ್ಧದ ಹೊತ್ತಲ್ಲಿ ಬಾಹ್ಯಾಕಾಶ ಪ್ರವಾಸ: ಕಂಪನಿ ಯಾರ ಕಡೆ? ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗಿನಿಂದ ಜನ ನನ್ನನ್ನು ಸುತ್ತಿ ಬಳಸಿ ಒಂದೇ ಮಾತು ಕೇಳುತ್ತಿದ್ದಾರೆ. ಅವರನ್ನು ಕರೆದೊಯ್ದದ್ದು ಅಮೆರಿಕದ ಖಾಸಗಿ ಕಂಪನಿ. ನಿಲ್ದಾಣದಲ್ಲಿ ಅವರನ್ನು ಬರಮಾಡಿಕೊಂಡವರಲ್ಲಿ ರಷ್ಯಾದವರೂ ಇದ್ದರು. ಕೆಳಗೆ ಉಕ್ರೇನ್ ಯುದ್ಧ ಮೂರು ವರ್ಷ ದಾಟಿತ್ತು. ಅಮೆರಿಕ ಒಂದು ಕಡೆ, ರಷ್ಯಾ ಇನ್ನೊಂದು ಕಡೆ. ಹಾಗಿದ್ದರೆ ಮೇಲೆ ಎಲ್ಲರೂ ಒಂದೇ ಮೇಜಿಗೆ ಊಟಕ್ಕೆ ಸೇರಿದ್ದು ಹೇಗೆ? ದುಡ್ಡು ತೆಗೆದುಕೊಂಡು ಜನರನ್ನು ಕರೆದೊಯ್ಯುವ ಕಂಪನಿ ಯಾರ ಕಡೆ ನಿಲ್ಲುತ್ತದೆ?

ಗೆಳೆಯರು, ನೆಂಟರು, ಶಾಲೆಯ ಮಕ್ಕಳು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ನಾಲ್ಕೇ ಸಾಲು.

ಬಾಹ್ಯಾಕಾಶ ಪ್ರವಾಸ ಕಂಪನಿಗಳಿಗೆ ಸ್ವಂತ ರಾಕೆಟ್ ಇರುತ್ತದಾ?

ಕೆಲವಕ್ಕೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಯಾರ ಕಡೆ ಅನ್ನುವ ಪ್ರಶ್ನೆ ಹುಟ್ಟುವುದೇ ಸ್ವಂತ ರಾಕೆಟ್ ಇಲ್ಲದವರಿಂದ.

ಬ್ಲೂ ಒರಿಜಿನ್, ವರ್ಜಿನ್ ಗ್ಯಾಲಕ್ಟಿಕ್ ಥರದ ಕಂಪನಿಗಳು ತಮ್ಮದೇ ವಾಹನದಲ್ಲಿ ಜನರನ್ನು ಮೇಲಕ್ಕೆ ಒಯ್ದು, ಕೆಲವು ನಿಮಿಷ ತೂಕವಿಲ್ಲದೆ ತೇಲಿಸಿ, ಕೆಳಗೆ ತಂದಿವೆ. ಆಂಧ್ರದಲ್ಲಿ ಹುಟ್ಟಿದ ಗೋಪಿ ತೋಟಕೂರ 2024ರ ಮೇ ತಿಂಗಳಲ್ಲಿ ಹೋಗಿ ಬಂದಿದ್ದು ಹೀಗೆ. ಹೊರಟ ಜಾಗದ ಹತ್ತಿರವೇ ಇಳಿಯುವ ಪ್ರಯಾಣ ಅದು. ಇನ್ನೊಂದು ದೇಶದ ಹಂಗಿಲ್ಲ.

ಭೂಮಿಯ ಸುತ್ತ ಕಕ್ಷೆಯಲ್ಲಿ ಹತ್ತು ದಿನ ಇದ್ದು ಬರುವುದು ಬೇರೆಯೇ ಲೆಕ್ಕ. ಅಮೆರಿಕದ ವರ್ಜೀನಿಯಾದ ಸ್ಪೇಸ್ ಅಡ್ವೆಂಚರ್ಸ್ ಕಂಪನಿಗೆ ಸ್ವಂತ ರಾಕೆಟ್ ಇಲ್ಲ. ರಷ್ಯಾದ ಸೋಯುಜ್ ನೌಕೆಯಲ್ಲಿ ಮೂರು ಸೀಟು ಇರುತ್ತವೆ. ಅದರಲ್ಲಿ ಖಾಲಿ ಇದ್ದ ಸೀಟನ್ನು ಗಿರಾಕಿಗೆ ಕೊಡಿಸುವುದು ಇವರ ಕೆಲಸವಾಗಿತ್ತು. 2001ರಿಂದ 2009ರವರೆಗೆ ಏಳು ಜನರನ್ನು ಹೀಗೆ ಕಳಿಸಿದರು. ಚಾರ್ಲ್ಸ್ ಸಿಮೋನಿ ಎರಡು ಸಲ ಹೋದ್ದರಿಂದ ಒಟ್ಟು ಎಂಟು ಪ್ರಯಾಣ. ಶುಕ್ಲಾ ಅವರನ್ನು ಕರೆದೊಯ್ದ ಹ್ಯೂಸ್ಟನ್‌ನ ಆಕ್ಸಿಯಮ್ ಕೂಡ ಸ್ಪೇಸ್‌ಎಕ್ಸ್‌ನ ರಾಕೆಟ್ ಬಾಡಿಗೆಗೆ ಹಿಡಿಯುತ್ತದೆ.

ಅಂದರೆ ಟಿಕೆಟ್ ಒಬ್ಬರದು, ರಾಕೆಟ್ ಇನ್ನೊಬ್ಬರದು, ಉಡಾವಣೆಯ ನೆಲ ಮತ್ತೊಬ್ಬರದು, ತಂಗುವ ಮನೆ ಹದಿನೈದು ದೇಶಗಳದು. ಇವರಲ್ಲಿ ಒಬ್ಬರು ಮುನಿಸಿಕೊಂಡರೂ ಪ್ರಯಾಣ ನಿಲ್ಲುತ್ತದೆ.

ಮೊದಲ ಪ್ರವಾಸಿಗೇ ಎರಡು ದೇಶಗಳ ಜಗಳ ತಟ್ಟಿತ್ತಂತೆ, ಹೌದಾ?

ಹೌದು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಡೆನಿಸ್ ಟಿಟೊ ಅಮೆರಿಕದವರು. ಒಂದು ಕಾಲದಲ್ಲಿ ಬಾಹ್ಯಾಕಾಶ ಎಂಜಿನಿಯರ್, ಆಮೇಲೆ ಹಣಹೂಡಿಕೆ ವ್ಯವಹಾರದಲ್ಲಿ ಶ್ರೀಮಂತರಾದವರು. ಮೊದಲು ಅವರು ಹೋಗಬೇಕಿದ್ದದ್ದು ರಷ್ಯಾದ ಹಳೆಯ ನಿಲ್ದಾಣ 'ಮೀರ್'ಗೆ. ಮಿರ್‌ಕಾರ್ಪ್ ಅನ್ನುವ ಕಂಪನಿ ಆ ನಿಲ್ದಾಣವನ್ನು ಬಾಡಿಗೆಗೆ ಪಡೆದು ನಡೆಸಲು ಹೊರಟಿತ್ತು. 2000ದ ಏಪ್ರಿಲ್‌ನಲ್ಲಿ ಖಾಸಗಿ ದುಡ್ಡಲ್ಲೇ ಇಬ್ಬರು ಗಗನಯಾತ್ರಿಗಳನ್ನು ಅಲ್ಲಿಗೆ ಕಳಿಸಿಯೂ ಇತ್ತು. ಆದರೆ ರಷ್ಯಾ ತನ್ನ ಹಣ, ಗಮನ ಎಲ್ಲವನ್ನೂ ಹೊಸ ಅಂತರರಾಷ್ಟ್ರೀಯ ನಿಲ್ದಾಣಕ್ಕೇ ಕೊಡಬೇಕು ಅನ್ನುವುದು ಅಮೆರಿಕದ ಪಟ್ಟು. 2001ರ ಮಾರ್ಚ್ 23ರಂದು ಮೀರ್ ಅನ್ನು ಪೆಸಿಫಿಕ್ ಸಮುದ್ರಕ್ಕೆ ಬೀಳಿಸಿದರು.

ಟಿಟೊ ಆಗ ಸ್ಪೇಸ್ ಅಡ್ವೆಂಚರ್ಸ್ ಮೂಲಕ ಹೊಸ ನಿಲ್ದಾಣದ ಕಡೆ ತಿರುಗಿದರು. ಸುಮಾರು 2 ಕೋಟಿ ಡಾಲರ್ ಕೊಟ್ಟರು ಎಂದು ವರದಿಗಳಿವೆ. ರಷ್ಯಾ ಒಪ್ಪಿತು, ಅಮೆರಿಕದ ನಾಸಾ ಒಪ್ಪಲಿಲ್ಲ. ನಿಲ್ದಾಣ ಇನ್ನೂ ಕಟ್ಟುವ ಹಂತದಲ್ಲಿದೆ, ಪೂರಾ ತರಬೇತಿ ಇಲ್ಲದವರು ಬಂದರೆ ಅಪಾಯ ಅನ್ನುವುದು ಅವರ ವಾದ. ಮಾರ್ಚ್‌ನಲ್ಲಿ ತಂಡ ಹ್ಯೂಸ್ಟನ್‌ಗೆ ತರಬೇತಿಗೆ ಹೋದಾಗ ಟಿಟೊಗೆ ಮಾತ್ರ ತರಬೇತಿ ಇಲ್ಲ ಅಂದರು. ಜೊತೆಗಿದ್ದ ಗಗನಯಾತ್ರಿಗಳು ತಲ್ಗತ್ ಮುಸಬಾಯೆವ್ ಮತ್ತು ಯೂರಿ ಬತೂರಿನ್, ಟಿಟೊ ಅವರನ್ನು ಬಿಟ್ಟು ತಾವೂ ತರಬೇತಿಗೆ ಬರುವುದಿಲ್ಲ ಅಂತ ಹೊರಗೇ ನಿಂತರು.

ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾಗುವುದು ಈ ಜಾಗವೇ. ಅಮೆರಿಕದ ಪ್ರಜೆಗೆ ಅಮೆರಿಕದ ಸಂಸ್ಥೆ ಬಾಗಿಲು ಹಾಕಿತು. ಅವನ ಪರ ನಿಂತವರು ಒಂದು ಕಾಲದ ಸೋವಿಯತ್ ನೆಲದಲ್ಲಿ ಬೆಳೆದ ಇಬ್ಬರು.

ಕೊನೆಗೆ ಟಿಟೊ ಕಾಗದಗಳಿಗೆ ಸಹಿ ಹಾಕಿದರು. ಏನಾದರೂ ಮುರಿದರೆ ಖರ್ಚು ತನ್ನದು, ಅಮೆರಿಕದ ಭಾಗಕ್ಕೆ ಒಬ್ಬನೇ ಕಾಲಿಡುವುದಿಲ್ಲ ಅಂತ. ಏಪ್ರಿಲ್ 28ರಂದು ಕಜಕಸ್ತಾನದ ಉಡಾವಣಾ ಕೇಂದ್ರ ಬೈಕೊನೂರ್‌ನಿಂದ ಹೊರಟು, ಎಂಟು ದಿನಕ್ಕೆ ಸ್ವಲ್ಪ ಕಡಿಮೆ ಮೇಲಿದ್ದು ಬಂದರು. ಮರುವರ್ಷ, 2002ರ ಜನವರಿಯಲ್ಲಿ, ನಿಲ್ದಾಣದ ಪಾಲುದಾರರೆಲ್ಲ ಸೇರಿ ಯಾರು ಬರಬಹುದು, ಯಾರು ಬರಬಾರದು ಅನ್ನುವ ನಿಯಮ ಬರೆದುಕೊಂಡರು. ಇಂದಿಗೂ ಪ್ರವಾಸಿಗಳನ್ನು ಅಲ್ಲಿ 'ಪ್ರವಾಸಿ' ಅನ್ನುವುದಿಲ್ಲ. 'ಬಾಹ್ಯಾಕಾಶ ಯಾನದಲ್ಲಿ ಪಾಲ್ಗೊಳ್ಳುವವರು' ಅನ್ನುವ ಅರ್ಥದ ಹೆಸರು ಅವರಿಗೆ.

ಸರಿ, ಕಂಪನಿ 'ನಾನು ತಟಸ್ಥ' ಅಂತ ಹೇಳಿಬಿಟ್ಟರೆ ಆಯಿತಲ್ವಾ?

ಹೇಳಬಹುದು. ಕಾನೂನಿನ ಮುಂದೆ ಆ ಮಾತು ನಿಲ್ಲುವುದಿಲ್ಲ.

1967ರ ಬಾಹ್ಯಾಕಾಶ ಒಪ್ಪಂದದ 6ನೇ ವಿಧಿ ಇದನ್ನು ನೇರವಾಗಿ ಹೇಳುತ್ತದೆ. ಬಾಹ್ಯಾಕಾಶದಲ್ಲಿ ಖಾಸಗಿಯವರು ಏನೇ ಮಾಡಿದರೂ ಅವರ ದೇಶವೇ ಹೊಣೆ. ದೇಶ ಅನುಮತಿ ಕೊಡಬೇಕು, ಕೊಟ್ಟ ಮೇಲೂ ಕಣ್ಣಿಟ್ಟಿರಬೇಕು. 8ನೇ ವಿಧಿಯ ಪ್ರಕಾರ ನೌಕೆ ಯಾವ ದೇಶದ ದಾಖಲೆಯಲ್ಲಿದೆಯೋ ಆ ದೇಶದ ಅಧಿಕಾರವೇ ಅದರ ಮೇಲೆ ನಡೆಯುತ್ತದೆ. ನಷ್ಟವಾದರೆ ಕಟ್ಟಿಕೊಡಬೇಕಾದದ್ದೂ ದೇಶವೇ, 1972ರ ಇನ್ನೊಂದು ಒಪ್ಪಂದ ಅದನ್ನು ವಿವರಿಸುತ್ತದೆ. 1978ರಲ್ಲಿ ಸೋವಿಯತ್‌ನ ಕಾಸ್ಮಾಸ್ 954 ಉಪಗ್ರಹ ಪರಮಾಣು ಇಂಧನದ ಸಮೇತ ಕೆನಡಾದ ಮೇಲೆ ಬಿದ್ದಾಗ ಕೆನಡಾ ಪರಿಹಾರ ಕೇಳಿದ್ದು ಸೋವಿಯತ್ ಸರ್ಕಾರವನ್ನು. 1981ರಲ್ಲಿ 30 ಲಕ್ಷ ಕೆನಡಾ ಡಾಲರಿಗೆ ಅದು ಇತ್ಯರ್ಥವಾಯಿತು.

ಸಮುದ್ರದಲ್ಲಿ ಹಡಗಿನ ಮಾಲೀಕ ತನಗೆ ಅನುಕೂಲವಾದ ದೇಶದ ಬಾವುಟ ಹಾಕಿಕೊಂಡು ಓಡಾಡಬಹುದು. ಬಾಹ್ಯಾಕಾಶದಲ್ಲಿ ಅಷ್ಟು ಸುಲಭವಿಲ್ಲ. ಕಂಪನಿ ಎಲ್ಲಿಯದು, ರಾಕೆಟ್ ಹಾರಿದ್ದು ಎಲ್ಲಿಂದ, ಹಾರಿಸಿದವರು ಯಾರು, ಇವೆಲ್ಲ ಅದಕ್ಕೆ ಅಂಟಿಕೊಂಡೇ ಇರುತ್ತವೆ. ಯುದ್ಧದಲ್ಲಿ ತಟಸ್ಥ ಅನ್ನುವ ಸ್ಥಾನ ದೇಶಗಳಿಗೆ ಸೇರಿದ್ದು. ಅದರ ಹಕ್ಕು, ಕರ್ತವ್ಯಗಳನ್ನು 1907ರ ಹೇಗ್ ಒಪ್ಪಂದಗಳು ಬರೆದಿಟ್ಟಿವೆ. ಕಂಪನಿಗೆ ಆ ಸ್ಥಾನ ಸಿಗುವುದಿಲ್ಲ.

ಹಾಗಂತ ತಟಸ್ಥವಾಗಿ ನಡೆದುಕೊಳ್ಳಲು ಆಗುವುದೇ ಇಲ್ಲ ಅಂತಲ್ಲ. ಯಾರಿಗೆ ಸೀಟು ಕೊಡುತ್ತೀರಿ, ಏನನ್ನು ಹೊತ್ತೊಯ್ಯುತ್ತೀರಿ, ಮೇಲೆ ಹೋಗಿ ಯಾವ ಬಾವುಟ ಬಿಚ್ಚುತ್ತೀರಿ, ಇವು ಕಂಪನಿಯ ಕೈಯಲ್ಲಿವೆ. ಸ್ಥಾನದಲ್ಲಿ ತಟಸ್ಥವಾಗುವುದು ಬೇರೆ, ನಡತೆಯಲ್ಲಿ ತಟಸ್ಥವಾಗುವುದು ಬೇರೆ. ಮುಂದಿನ ಉತ್ತರಗಳೆಲ್ಲ ಈ ವ್ಯತ್ಯಾಸದ ಸುತ್ತಲೇ ಇವೆ.

2022ರ ಫೆಬ್ರುವರಿಯಲ್ಲಿ ನಿಜಕ್ಕೂ ಏನಾಯಿತು?

ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಅದೇ ದಿನ ಅಮೆರಿಕ ಹೊಸ ನಿರ್ಬಂಧಗಳನ್ನು ಪ್ರಕಟಿಸಿತು. ರಷ್ಯಾದ ಬಾಹ್ಯಾಕಾಶ ಕಾರ್ಯಕ್ರಮಕ್ಕೂ ಇದರಿಂದ ಪೆಟ್ಟು ಬೀಳುತ್ತದೆ ಅಂತ ಅಧ್ಯಕ್ಷ ಬೈಡನ್ ಹೇಳಿದರು. ಆಗ ರಷ್ಯಾದ ಬಾಹ್ಯಾಕಾಶ ಸಂಸ್ಥೆ ರೋಸ್‌ಕಾಸ್ಮಾಸ್‌ನ ಮುಖ್ಯಸ್ಥರಾಗಿದ್ದ ದ್ಮಿತ್ರಿ ರೊಗೊಜಿನ್ ಸಿಟ್ಟಿನಿಂದ ಉತ್ತರ ಕೊಟ್ಟರು. ನಮ್ಮ ಜೊತೆ ಸಹಕಾರ ನಿಲ್ಲಿಸಿದರೆ ನಿಲ್ದಾಣ ಹತೋಟಿ ತಪ್ಪಿ ಬೀಳುವುದನ್ನು ಯಾರು ತಡೆಯುತ್ತಾರೆ ಅಂತ ಕೇಳಿದರು. ಅದು ಅಮೆರಿಕ, ಯುರೋಪಿನ ಮೇಲೆ ಬೀಳಬಹುದು, 500 ಟನ್ನಿನ ಈ ವಸ್ತು ಭಾರತ, ಚೀನಾದ ಮೇಲೂ ಬೀಳಬಹುದು ಅಂದರು.

ಆ ಸುದ್ದಿ ಓದಿದಾಗ ನನಗೆ ನಿಜವಾಗಿ ನೋವಾಯಿತು. ನಿಲ್ದಾಣದ ತೂಕ ಸುಮಾರು 420 ಟನ್, ಅದು ಹಾಗಿರಲಿ. ಈ ಜಗಳದಲ್ಲಿ ಯಾರ ಕಡೆಯೂ ಇಲ್ಲದ ನಮ್ಮ ಹೆಸರು ಬೆದರಿಕೆಯಲ್ಲಿ ಬಂತು. ನಿಲ್ದಾಣದ ದಾರಿ ಭೂಮಧ್ಯರೇಖೆಗೆ 51.6 ಡಿಗ್ರಿ ಓರೆಯಾಗಿದೆ. ಹಾಗಾಗಿ ಅದು ಕರ್ನಾಟಕದ ಮೇಲೆ ಆಗಾಗ ಹಾದುಹೋಗುತ್ತದೆ. ಮುಸ್ಸಂಜೆ ತಾರಸಿ ಮೇಲೆ ನಿಂತು ನಾವು ನೋಡುವ ಆ ಹೊಳೆಯುವ ಚುಕ್ಕಿ ಅದೇ. ಕೋಣಗಳೆರಡು ಹೋರೆ ಗಿಡಕ್ಕೆ ಮಿತ್ತು ಅನ್ನುತ್ತಾರಲ್ಲ, ಆ ಗಿಡ ನಾವಾಗಿದ್ದೆವು.

ನಡೆದದ್ದು ಮಾತ್ರ ಬೇರೆ. ಮಾರ್ಚ್ 30ರಂದು ನಾಸಾದ ಮಾರ್ಕ್ ವಂಡೆ ಹೈ, ಸತತ 355 ದಿನ ಮೇಲಿದ್ದವರು, ರಷ್ಯಾದ ಸೋಯುಜ್‌ನಲ್ಲೇ ರಷ್ಯಾದ ಇಬ್ಬರ ಜೊತೆ ಕಜಕಸ್ತಾನದಲ್ಲಿ ಇಳಿದರು. ಹತ್ತು ದಿನ ಕಳೆಯುವಷ್ಟರಲ್ಲಿ, ಏಪ್ರಿಲ್ 8ರಂದು, ಆಕ್ಸಿಯಮ್‌ನ ಮೊದಲ ಪ್ರವಾಸಿ ತಂಡ ಹೊರಟಿತು. ಅದರಲ್ಲಿ ಸ್ವಂತ ದುಡ್ಡು ಕೊಟ್ಟ ಮೂವರಿದ್ದರು, ತಲಾ 5.5 ಕೋಟಿ ಡಾಲರ್ ಎಂದು ವರದಿಯಾಗಿತ್ತು. ಉಕ್ರೇನ್ ರಾಜಧಾನಿ ಕೀವ್ ಸುತ್ತ ಯುದ್ಧ ನಿಂತು ಇನ್ನೂ ವಾರ ಆಗಿತ್ತಷ್ಟೆ. ನಿಲ್ದಾಣದಲ್ಲಿ ರಷ್ಯಾದ ಮೂವರು ಇದ್ದರು. ಪ್ರವಾಸ ಹದಿನೇಳು ದಿನ ನಡೆಯಿತು.

ಇಷ್ಟು ಜಗಳ ಇದ್ದರೂ ನಿಲ್ದಾಣವನ್ನು ಎರಡು ಪಾಲು ಮಾಡಿಕೊಳ್ಳಲಿಲ್ಲ ಯಾಕೆ?

ಮಾಡಿಕೊಳ್ಳಲು ಆಗುವುದಿಲ್ಲ. ಹೆಚ್ಚಿನ ವಿದ್ಯುತ್ ಅಮೆರಿಕದ ಭಾಗದ ಸೌರ ಫಲಕಗಳಿಂದ ಬರುತ್ತದೆ. ಮೇಲೆ ಇರುವ ತೆಳು ಗಾಳಿ ನಿಲ್ದಾಣವನ್ನು ದಿನದಿನವೂ ಸ್ವಲ್ಪ ಕೆಳಗೆ ಎಳೆಯುತ್ತದೆ. ಅದನ್ನು ಮತ್ತೆ ಮೇಲಕ್ಕೆ ತಳ್ಳುವ ಕೆಲಸವನ್ನು ಬಹಳ ಮಟ್ಟಿಗೆ ರಷ್ಯಾದ ಭಾಗ ಮತ್ತು ಅದಕ್ಕೆ ಬಂದು ಸೇರುವ ಪ್ರೊಗ್ರೆಸ್ ಸರಕು ನೌಕೆಗಳು ಮಾಡುತ್ತವೆ. ಒಬ್ಬರು ಕರೆಂಟ್ ಕೊಡುತ್ತಾರೆ, ಇನ್ನೊಬ್ಬರು ಬೀಳದ ಹಾಗೆ ಹಿಡಿದಿರುತ್ತಾರೆ. ಅಡುಗೆಮನೆ ಒಬ್ಬರಿಗೆ, ಬಾವಿ ಇನ್ನೊಬ್ಬರಿಗೆ ಬಂದ ಅಣ್ಣತಮ್ಮಂದಿರ ಮನೆಯ ಹಾಗೆ.

ಇದು ಪ್ರವಾಸ ಕಂಪನಿಗೂ ತಟ್ಟುತ್ತದೆ. ಶುಕ್ಲಾ ಅವರ ಪ್ರಯಾಣ ಮೊದಲು ರಾಕೆಟ್‌ನಲ್ಲಿ ಆಮ್ಲಜನಕ ಸೋರಿದ್ದರಿಂದ ಮುಂದೆ ಹೋಯಿತು. ಆಮೇಲೆ ರಷ್ಯಾದ 'ಜ್ವೆಜ್ದಾ' ಭಾಗದಲ್ಲಿ ಗಾಳಿ ಸೋರುವ ತೊಂದರೆಯನ್ನು ಪರಿಶೀಲಿಸಬೇಕೆಂದು ಮತ್ತೆ ತಡವಾಯಿತು. ಅಮೆರಿಕದ ಕಂಪನಿ, ಅಮೆರಿಕದ ರಾಕೆಟ್, ಭಾರತದ ಪ್ರಯಾಣಿಕ. ಆದರೂ ಕಾದಿದ್ದು ರಷ್ಯಾದ ಒಂದು ಗೋಡೆಯ ಬಿರುಕಿಗಾಗಿ.

ಮೇಲೆ ಹೋದ ಪ್ರವಾಸಿ ತನ್ನ ದೇಶದ ಬಾವುಟ ತೋರಿಸಬಹುದಾ?

ದೇಶದ ಬಾವುಟಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ರಾಜಕೀಯಕ್ಕೆ ಇದೆ. ಆದರೆ ಗೆರೆ ಎಲ್ಲಿ ಎಳೆಯುತ್ತಾರೆ ಅನ್ನುವುದು ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ. 2006ರಲ್ಲಿ ಹೋದ ಅನೂಷೆ ಅನ್ಸಾರಿ ಇರಾನ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಎರಡೂ ದೇಶಗಳ ಬಾವುಟವನ್ನು ಉಡುಪಿನ ಮೇಲೆ ಹಾಕಿಕೊಳ್ಳುವ ಆಸೆ ಅವರಿಗಿತ್ತು. ಇರಾನ್ ಬಾವುಟಕ್ಕೆ ಅಧಿಕಾರಿಗಳು ಒಪ್ಪಲಿಲ್ಲ.

ದೊಡ್ಡ ತಪ್ಪು ನಡೆದದ್ದು ಪ್ರವಾಸಿಗಳಿಂದಲ್ಲ. 2022ರ ಜುಲೈನಲ್ಲಿ ರಷ್ಯಾದ ಮೂವರು ಗಗನಯಾತ್ರಿಗಳು, ಉಕ್ರೇನ್‌ನಲ್ಲಿ ರಷ್ಯಾ ಬೆಂಬಲದ ಲುಹಾನ್ಸ್ಕ್, ದೊನೆತ್ಸ್ಕ್ ಪ್ರದೇಶಗಳ ಬಾವುಟ ಹಿಡಿದು ನಿಲ್ದಾಣದಲ್ಲೇ ಫೋಟೊ ತೆಗೆಸಿಕೊಂಡರು. ನಾಸಾ ಅದನ್ನು ಬಲವಾಗಿ ಖಂಡಿಸಿತು. ಅದೇ ಮೂವರು ಮಾರ್ಚ್‌ನಲ್ಲಿ ಹಳದಿ-ನೀಲಿ ಉಡುಪಿನಲ್ಲಿ ಒಳಗೆ ಬಂದಾಗ ಇದು ಉಕ್ರೇನ್‌ಗೆ ಬೆಂಬಲ ಅಂತ ಜಗತ್ತೆಲ್ಲ ಮಾತಾಡಿತ್ತು. ಅದು ತಾವು ಓದಿದ ಮಾಸ್ಕೋದ ಬೌಮನ್ ವಿಶ್ವವಿದ್ಯಾಲಯದ ಬಣ್ಣ ಎಂದು ಆಮೇಲೆ ಹೇಳಿದರು. ಯುದ್ಧ ಕಾಲದಲ್ಲಿ ಬಟ್ಟೆಯ ಬಣ್ಣ ಕೂಡ ಸುಮ್ನೆ ಬಣ್ಣವಾಗಿ ಉಳಿಯುವುದಿಲ್ಲ.

ಯಾವ ದೇಶಕ್ಕೂ ಸೇರದ ಜಾಗದಿಂದ ರಾಕೆಟ್ ಹಾರಿಸಿದರೆ?

ಪ್ರಯತ್ನ ಆಗಿದೆ. ಪ್ರವಾಸಿಗಳಿಗಲ್ಲ, ಉಪಗ್ರಹಗಳಿಗೆ. ಸೀ ಲಾಂಚ್ ಅನ್ನುವ ಕಂಪನಿ 1995ರಲ್ಲಿ ಹುಟ್ಟಿತು. ಪಾಲುದಾರರು ಅಮೆರಿಕದ ಬೋಯಿಂಗ್, ರಷ್ಯಾದ ಎನರ್ಜಿಯಾ, ಉಕ್ರೇನ್‌ನ ಯುಜ್ನೋಯೆ ಮತ್ತು ಯುಜ್‌ಮಾಶ್, ಜೊತೆಗೆ ನಾರ್ವೆಯ ಹಡಗು ಕಟ್ಟುವ ಕಂಪನಿ. ಉಡಾವಣೆ ಪೆಸಿಫಿಕ್ ಸಮುದ್ರದ ನಡುವೆ, ಭೂಮಧ್ಯರೇಖೆಯ ಮೇಲೆ, ತೇಲುವ ವೇದಿಕೆಯಿಂದ. ರಾಕೆಟ್ ಉಕ್ರೇನ್‌ನ ಜೆನಿತ್, ಅದರ ಮೊದಲ ಹಂತದ ಎಂಜಿನ್ ರಷ್ಯಾದ್ದು.

ಎಷ್ಟು ಚೆಂದದ ಕಲ್ಪನೆ, ಅಲ್ವಾ? 1999ರಿಂದ 2014ರವರೆಗೆ 36 ಉಡಾವಣೆಗಳಾದವು. ಆದರೆ ನಡುಸಮುದ್ರಕ್ಕೆ ಹೋದರೂ ದೇಶಗಳು ಬೆನ್ನು ಬಿಡಲಿಲ್ಲ. ತಂತ್ರಜ್ಞಾನದ ವಿವರಗಳನ್ನು ರಷ್ಯಾ, ಉಕ್ರೇನ್‌ನವರಿಗೆ ಅನುಮತಿಯಿಲ್ಲದೆ ಕೊಟ್ಟ ಆರೋಪಕ್ಕೆ ಬೋಯಿಂಗ್ 1998ರಲ್ಲಿ ಅಮೆರಿಕ ಸರ್ಕಾರಕ್ಕೆ 1 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು. 2009ರಲ್ಲಿ ಕಂಪನಿ ದಿವಾಳಿಯ ಹಂತಕ್ಕೆ ಹೋಗಿ ಮತ್ತೆ ಎದ್ದಿತು. 2014ರಲ್ಲಿ ರಷ್ಯಾ ಉಕ್ರೇನ್‌ನ ಕ್ರೈಮಿಯಾವನ್ನು ತನಗೆ ಸೇರಿಸಿಕೊಂಡ ಮೇಲೆ ಮಾತ್ರ ಏಳಲಿಲ್ಲ. ರಾಕೆಟ್ ಮಾಡುವವರು, ಎಂಜಿನ್ ಮಾಡುವವರು ಎದುರಾಳಿಗಳಾದರೆ ಸಮುದ್ರ ಎಷ್ಟು ತಟಸ್ಥವಾಗಿದ್ದರೇನು?

ಒನ್‌ವೆಬ್ ರಾಕೆಟ್‌ನ ಬಾವುಟಗಳ ಕಥೆ ಏನು?

2022ರ ಮಾರ್ಚ್ ಮೊದಲ ವಾರ. ಒನ್‌ವೆಬ್ ಕಂಪನಿಯ 36 ಇಂಟರ್ನೆಟ್ ಉಪಗ್ರಹಗಳು ಬೈಕೊನೂರ್‌ನಲ್ಲಿ ಸೋಯುಜ್ ರಾಕೆಟ್ ಮೇಲೆ ಸಿದ್ಧವಾಗಿದ್ದವು. ರಷ್ಯಾ ಎರಡು ಷರತ್ತು ಹಾಕಿತು. ಇವನ್ನು ಸೇನೆಗೆ ಬಳಸುವುದಿಲ್ಲ ಅಂತ ಖಾತ್ರಿ ಕೊಡಿ, ಬ್ರಿಟನ್ ಸರ್ಕಾರ ತನ್ನ ಪಾಲು ಬಿಡಲಿ. ಒನ್‌ವೆಬ್ ಒಪ್ಪಲಿಲ್ಲ. ಕೆಲಸಗಾರರು ರಾಕೆಟ್ ಮೇಲಿದ್ದ ಅಮೆರಿಕ, ಬ್ರಿಟನ್, ಜಪಾನ್ ಬಾವುಟಗಳನ್ನು ಮುಚ್ಚುವ ವಿಡಿಯೊ ಹೊರಬಂತು. ಭಾರತದ ಬಾವುಟ ಹಾಗೇ ಉಳಿಯಿತು. ನಮ್ಮ ಭಾರ್ತಿ ಸಂಸ್ಥೆಯೂ ಆಗ ಒನ್‌ವೆಬ್‌ನ ಪಾಲುದಾರನಾಗಿತ್ತು.

ಆ ಉಪಗ್ರಹಗಳು ಅಲ್ಲೇ ಸಿಕ್ಕಿಬಿದ್ದವು. ಕಂಪನಿ ಬೇರೆ ರಾಕೆಟ್ ಹುಡುಕುತ್ತ ಬಂದ ಬಾಗಿಲುಗಳಲ್ಲಿ ಒಂದು ಬೆಂಗಳೂರಿನದು, ಇಸ್ರೋದ ವಾಣಿಜ್ಯ ಸಂಸ್ಥೆ ಎನ್‌ಎಸ್‌ಐಎಲ್. 2022ರ ಅಕ್ಟೋಬರ್ 23 ಮತ್ತು 2023ರ ಮಾರ್ಚ್ 26ರಂದು ಎಲ್‌ವಿಎಂ3 ರಾಕೆಟ್ ಶ್ರೀಹರಿಕೋಟಾದಿಂದ 36ರಂತೆ ಒಟ್ಟು 72 ಉಪಗ್ರಹಗಳನ್ನು ಒಯ್ದಿತು. ಬೇರೆಯವರ ಜಗಳದಲ್ಲಿ ನಮಗೆ ಕೆಲಸ ಸಿಕ್ಕಿತು ಅನ್ನುವುದು ನಿಜ. ಸಿಕ್ಕಿದ್ದು ಎರಡೂ ಕಡೆಯವರ ಜೊತೆ ಮಾತು ಬಿಡದೆ ಇದ್ದದ್ದಕ್ಕೆ ಅನ್ನುವುದೂ ನಿಜ.

ಪ್ರವಾಸಿಗಳಿರುವ ನೌಕೆಗೆ ಯುದ್ಧದಲ್ಲಿ ಪೆಟ್ಟು ಬೀಳಬಹುದಾ?

ಬೇಕೆಂದೇ ಯಾರೂ ಹೊಡೆಯಲಿಕ್ಕಿಲ್ಲ. ನನ್ನ ಭಯ ಚೂರುಗಳದ್ದು.

2021ರ ನವೆಂಬರ್ 15ರಂದು ರಷ್ಯಾ ತನ್ನದೇ ಹಳೆಯ ಕಾಸ್ಮಾಸ್ 1408 ಉಪಗ್ರಹವನ್ನು ಕ್ಷಿಪಣಿಯಿಂದ ಒಡೆಯಿತು. ಭೂಮಿಯಿಂದ ಗುರುತಿಸಬಹುದಾದ ಚೂರುಗಳೇ 1,500ಕ್ಕಿಂತ ಜಾಸ್ತಿ. ನಿಲ್ದಾಣದಲ್ಲಿದ್ದ ಏಳೂ ಜನ ತಮ್ಮ ತಮ್ಮ ನೌಕೆಗಳಿಗೆ ಓಡಿ ಕೂತರು. ಅವರಲ್ಲಿ ಇಬ್ಬರು ರಷ್ಯಾದವರೇ! ಇದಾಗಿ 23 ದಿನಕ್ಕೆ, ಡಿಸೆಂಬರ್ 8ರಂದು, ಜಪಾನಿನ ಯುಸಾಕು ಮಯೆಜಾವಾ ತಮ್ಮ ಸಹಾಯಕನ ಜೊತೆ ಸ್ಪೇಸ್ ಅಡ್ವೆಂಚರ್ಸ್ ಮೂಲಕ ಸೋಯುಜ್‌ನಲ್ಲಿ ಅಲ್ಲಿಗೇ ಹೋಗಿ 12 ದಿನ ಇದ್ದು ಬಂದರು. ಚೀನಾ 2007ರಲ್ಲಿ ತನ್ನ ಉಪಗ್ರಹವನ್ನು ಹೀಗೇ ಒಡೆದಿತ್ತು, 800 ಕಿಲೋಮೀಟರಿಗಿಂತ ಎತ್ತರದಲ್ಲಿ. ಆ ಚೂರುಗಳು ಇನ್ನೂ ಸುತ್ತುತ್ತಿವೆ. ಭಾರತವೂ 2019ರ ಮಾರ್ಚ್ 27ರಂದು ಮಾಡಿತು. ಎತ್ತರ ಸುಮಾರು 300 ಕಿಲೋಮೀಟರ್ ಆದ್ದರಿಂದ ಚೂರುಗಳು ಬಹುಪಾಲು ಬೇಗ ಕೆಳಗಿಳಿದು ಸುಟ್ಟುಹೋದವು. ನಮ್ಮದು ಸಣ್ಣದು ಅಂತ ಸಮಾಧಾನ ಮಾಡಿಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ತೊಡಕಿದೆ. ಪ್ರವಾಸಿಗಳನ್ನು ಒಯ್ಯುವ ಸ್ಪೇಸ್‌ಎಕ್ಸ್‌ನದೇ ಸ್ಟಾರ್‌ಲಿಂಕ್ ಇಂಟರ್ನೆಟ್ ಅನ್ನು ಉಕ್ರೇನ್ ಸೇನೆ ಯುದ್ಧದಲ್ಲಿ ಬಳಸಿದೆ. ನಾಗರಿಕ ಅನ್ನುವ ಹೆಸರಿನ ಇಂಥ ಉಪಗ್ರಹಗಳು ಪ್ರತೀಕಾರಕ್ಕೆ ಗುರಿಯಾಗಬಹುದು ಅಂತ 2022ರಲ್ಲಿ ರಷ್ಯಾದ ಅಧಿಕಾರಿಯೊಬ್ಬರು ವಿಶ್ವಸಂಸ್ಥೆಯಲ್ಲೇ ಹೇಳಿದರು. ಒಂದೇ ಕಂಪನಿ ಒಂದು ಕೈಯಲ್ಲಿ ಪ್ರವಾಸ, ಇನ್ನೊಂದು ಕೈಯಲ್ಲಿ ಯುದ್ಧಕ್ಕೆ ಬೇಕಾದ ಸಂಪರ್ಕ ನಡೆಸಿದರೆ ತಟಸ್ಥ ಅನ್ನುವ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಆಗುತ್ತದೆ.

ಮೇಲೆ ಇರುವಾಗಲೇ ಯುದ್ಧ ಶುರುವಾದರೆ ನನ್ನನ್ನು ಕೆಳಗೆ ತರುವವರು ಯಾರು?

ನೀವು ಹೋದ ನೌಕೆಯೇ. ಅದು ನಿಲ್ದಾಣಕ್ಕೆ ಅಂಟಿಕೊಂಡೇ ಕಾಯುತ್ತಿರುತ್ತದೆ. ಅದೇ ಕೆಟ್ಟರೆ ಮಾತ್ರ ಕಷ್ಟ. 2022ರ ಡಿಸೆಂಬರ್‌ನಲ್ಲಿ ಹಾಗೇ ಆಯಿತು. ಸೋಯುಜ್ ಒಂದರಿಂದ ತಂಪು ಮಾಡುವ ದ್ರವ ಸೋರಿಹೋಯಿತು. ಅದರಲ್ಲಿ ಬಂದಿದ್ದ ನಾಸಾದ ಫ್ರಾಂಕ್ ರುಬಿಯೊ ಮತ್ತು ರಷ್ಯಾದ ಇಬ್ಬರು ಆರು ತಿಂಗಳ ಬದಲು 371 ದಿನ ಇರಬೇಕಾಯಿತು. ರಷ್ಯಾ ಇನ್ನೊಂದು ಖಾಲಿ ಸೋಯುಜ್ ಕಳಿಸಿತು. ಅದು ಬರುವವರೆಗೆ ತುರ್ತು ಬಿದ್ದರೆ ಇರಲಿ ಎಂದು ರುಬಿಯೊ ಸೀಟನ್ನು ಅಮೆರಿಕದ ಡ್ರ್ಯಾಗನ್ ನೌಕೆಗೆ ಸಾಗಿಸಿದರು. ಯುದ್ಧದ ನಡುವೆ ಎರಡೂ ದೇಶಗಳ ನೌಕೆ ಒಬ್ಬ ಮನುಷ್ಯನಿಗಾಗಿ ಸಿದ್ಧವಾಗಿದ್ದವು.

ರುಬಿಯೊ ಸೋಯುಜ್‌ನಲ್ಲಿ ಹೋಗಿದ್ದೂ ಇಂಥದೇ ಒಂದು ಒಪ್ಪಂದದಿಂದ. 2022ರ ಜುಲೈ 15ರಂದು ನಾಸಾ, ರೋಸ್‌ಕಾಸ್ಮಾಸ್ ಸೀಟು ಅದಲುಬದಲಿಗೆ ಸಹಿ ಹಾಕಿದವು. ಅದೇ ದಿನ ರೊಗೊಜಿನ್ ಹುದ್ದೆ ಕಳೆದುಕೊಂಡರು. ಅಕ್ಟೋಬರ್‌ನಲ್ಲಿ ರಷ್ಯಾದ ಅನ್ನಾ ಕಿಕಿನಾ ಅಮೆರಿಕದ ಡ್ರ್ಯಾಗನ್‌ನಲ್ಲಿ ಹಾರಿದರು.

ಕಾನೂನೂ ಇದೆ. ಗಗನಯಾತ್ರಿಗಳನ್ನು ಪಾರುಮಾಡುವ 1968ರ ಒಪ್ಪಂದದ ಪ್ರಕಾರ ಯಾವುದೇ ದೇಶದಲ್ಲಿ ಬಿದ್ದ ನೌಕೆಯ ಸಿಬ್ಬಂದಿಗೆ ಸಹಾಯ ಮಾಡಿ ವಾಪಸ್ ಕಳಿಸಬೇಕು. ಅಲ್ಲಿ ಬಳಸಿರುವುದು 'ಸಿಬ್ಬಂದಿ' ಅನ್ನುವ ಪದ. ದುಡ್ಡು ಕೊಟ್ಟ ಪ್ರವಾಸಿ ಅದರಲ್ಲಿ ಸೇರುತ್ತಾನಾ ಅಂತ ಕಾನೂನು ಪಂಡಿತರು ಇನ್ನೂ ಚರ್ಚಿಸುತ್ತಿದ್ದಾರೆ. ಸೇರಬೇಕು ಅನ್ನುವುದು ನನ್ನ ಮಾತು. ಆಕಾಶದಿಂದ ಬಿದ್ದವನ ಹತ್ತಿರ ಮೊದಲು ಟಿಕೆಟ್ ಕೇಳುವುದಲ್ಲ, ನೀರು ಕೊಡುವುದು.

ವಿಮೆ ಸಿಗುತ್ತದಾ?

ಸಿಗುತ್ತದೆ. ಆದರೆ ವಿಮೆ ಪತ್ರಗಳಲ್ಲಿ ಯುದ್ಧದಿಂದಾದ ನಷ್ಟವನ್ನು ಹೊರಗಿಡುವುದು ಸಾಮಾನ್ಯ. ಸಣ್ಣ ಅಕ್ಷರ ಓದಿ.

ಈ ವಿಷಯದಲ್ಲಿ ಭಾರತ ಯಾರ ಕಡೆ?

ನಮ್ಮದು ಹಳೆಯ ದಾರಿ. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಹೋಗಿದ್ದು ಸೋವಿಯತ್‌ನ ಸೋಯುಜ್‌ನಲ್ಲಿ. ಮರುವರ್ಷವೇ ಇಸ್ರೋದ ಇಬ್ಬರು, ಪಿ. ರಾಧಾಕೃಷ್ಣನ್ ಮತ್ತು ಎನ್. ಸಿ. ಭಟ್, ಅಮೆರಿಕದ ಷಟಲ್‌ನಲ್ಲಿ ಹೋಗಲು ಆಯ್ಕೆಯಾದರು. 1986ರ ಜನವರಿಯಲ್ಲಿ ಚಾಲೆಂಜರ್ ಷಟಲ್ ಸಿಡಿದ ದುರಂತ ಆಗದಿದ್ದರೆ, ಶೀತಲ ಸಮರದ ನಡುವೆಯೇ ಎರಡೂ ಕಡೆಯ ನೌಕೆ ಹತ್ತಿದ ದೇಶ ಅನ್ನಿಸಿಕೊಳ್ಳುತ್ತಿದ್ದೆವು.

ಈಗಲೂ ಅದೇ. ಗಗನಯಾನಕ್ಕೆ ಆಯ್ಕೆಯಾದ ನಾಲ್ವರು 2020-21ರಲ್ಲಿ ಮಾಸ್ಕೋ ಹತ್ತಿರದ ಗಗಾರಿನ್ ಕೇಂದ್ರದಲ್ಲಿ ತರಬೇತಿ ಪಡೆದರು, ಆಮೇಲೆ ಬೆಂಗಳೂರಿನಲ್ಲಿ. ಅವರಲ್ಲಿ ಶುಕ್ಲಾ, ಪ್ರಶಾಂತ್ ನಾಯರ್ ಇಬ್ಬರು ಮತ್ತೆ ಅಮೆರಿಕಕ್ಕೆ ಹೋದರು. ಆಕ್ಸಿಯಮ್ ಪ್ರಯಾಣಕ್ಕೆ ಭಾರತ ಸುಮಾರು 550 ಕೋಟಿ ರೂಪಾಯಿ ಖರ್ಚು ಮಾಡಿದೆ ಎಂದು ವರದಿಗಳಿವೆ. ಶುಕ್ಲಾ ಜೊತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯವೂ ಮೇಲೆ ಹೋಗಿ ಮೊಳಕೆಯೊಡೆದವು. ರಷ್ಯನ್ ಕಲಿತವನು, ಅಮೆರಿಕದ ರಾಕೆಟ್ ಹತ್ತಿ, ಧಾರವಾಡದ ಕಾಳಿಗೆ ನೀರು ಹಾಕಿದ. ಇದನ್ನು ನೆನೆದಾಗೆಲ್ಲ ನನಗೆ ಖುಷಿಯಾಗುತ್ತದೆ.

ಅಷ್ಟೊಂದು ಜನ ಸಾಯುತ್ತಿರುವಾಗ ಕಂಪನಿ ತಟಸ್ಥವಾಗಿರುವುದು ಸರಿಯಾ?

ಎಲ್ಲರಿಗಿಂತ ಜಾಸ್ತಿ ನನ್ನನ್ನು ಕಾಡಿದ ಪ್ರಶ್ನೆ ಇದು.

ಯುರೋಪಿನ ಬಾಹ್ಯಾಕಾಶ ಸಂಸ್ಥೆ ಏನು ಮಾಡಿತು ನೋಡಿ. ಮಂಗಳ ಗ್ರಹಕ್ಕೆ ರಷ್ಯಾದ ಜೊತೆ ಕಳಿಸಬೇಕಿದ್ದ ರೋವರ್ ಯೋಜನೆಯಲ್ಲಿ ರಷ್ಯಾದ ಸಹಕಾರವನ್ನು 2022ರಲ್ಲೇ ಕೈಬಿಟ್ಟಿತು. ವರ್ಷಗಳ ದುಡಿಮೆ ಹಿಂದೆ ಬಿತ್ತು. ಆದರೆ ನಿಲ್ದಾಣದಲ್ಲಿ ರಷ್ಯಾದ ಜೊತೆಗೇ ಇತ್ತು. ಯಂತ್ರ ಕಾಯಬಹುದು, ಉಸಿರಾಡುವ ಮನುಷ್ಯರು ಕಾಯಲಾರರು. ನನಗೆ ಇದು ಸರಿಯಾದ ಗೆರೆ ಅನ್ನಿಸುತ್ತದೆ.

ಪ್ರವಾಸ ಕಂಪನಿಗೂ ಇದೇ ಗೆರೆ. ಮೇಲೆ ಇರುವವರ ಜೀವಕ್ಕೆ ಬೇಕಾದ ಸಹಕಾರವನ್ನು ಯಾರ ಜೊತೆಗೂ ಮುರಿಯಬಾರದು. ಆದರೆ ಯುದ್ಧ ನಡೆಸುತ್ತಿರುವ ಸರ್ಕಾರದ ಬೊಕ್ಕಸಕ್ಕೆ ಹೊಸ ಟಿಕೆಟ್ಟಿನ ದುಡ್ಡು ಸುರಿಯುವುದು ಜೀವ ಉಳಿಸುವ ಕೆಲಸವಲ್ಲ, ವ್ಯಾಪಾರ. ಅದನ್ನು ತಟಸ್ಥ ಅಂತ ಕರೆದರೆ ಆ ಪದಕ್ಕೆ ಅವಮಾನ. ಮಯೆಜಾವಾ ನಂತರ ಸ್ವಂತ ದುಡ್ಡಿನ ಪ್ರವಾಸಿ ಯಾರೂ ಸೋಯುಜ್ ಹತ್ತಿಲ್ಲ. ನಿರ್ಬಂಧಗಳ ಕಾರಣಕ್ಕೋ, ಮನಸ್ಸಾಕ್ಷಿಯ ಕಾರಣಕ್ಕೋ, ಹಾಗಾಗಿದ್ದು ಒಳ್ಳೆಯದೇ.

ಚೀನಾದ ನಿಲ್ದಾಣಕ್ಕೆ ಅಮೆರಿಕದ ಕಂಪನಿ ಪ್ರವಾಸಿಗಳನ್ನು ಕಳಿಸಬಹುದಾ?

ಸದ್ಯಕ್ಕೆ ಕನಸು. 2011ರಿಂದ ಅಮೆರಿಕದ ಕಾನೂನೇ ಚೀನಾದ ಜೊತೆ ನೇರ ಸಹಕಾರಕ್ಕೆ ನಾಸಾ ಹಣ ಖರ್ಚು ಮಾಡದಂತೆ ತಡೆದಿದೆ. ಖಾಸಗಿಯವರಿಗೂ ತಂತ್ರಜ್ಞಾನ ರಫ್ತಿನ ನಿಯಮಗಳು ಅಡ್ಡ ಬರುತ್ತವೆ. ಎರಡು ನಿಲ್ದಾಣಗಳೂ ಇದೇ ಆಕಾಶದಲ್ಲಿ ಸುತ್ತುತ್ತವೆ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಇಲ್ಲ.

ಈ ನಿಲ್ದಾಣ ಮುಗಿದ ಮೇಲೆ ಏನು?

2030ರವರೆಗೆ ನಡೆಸಿ, ಆಮೇಲೆ ಪೆಸಿಫಿಕ್‌ನ ದೂರದ ಭಾಗಕ್ಕೆ ಬೀಳಿಸುವುದು ಯೋಜನೆ. ಕೆಳಗಿಳಿಸುವ ನೌಕೆ ಕಟ್ಟಲು ನಾಸಾ 2024ರಲ್ಲಿ ಸ್ಪೇಸ್‌ಎಕ್ಸ್‌ಗೆ ಗುತ್ತಿಗೆ ಕೊಟ್ಟಿದೆ. ರಷ್ಯಾ 2028ರವರೆಗೆ ಇರುತ್ತೇನೆ ಅಂದಿದೆ. ಅದರ ಜಾಗಕ್ಕೆ ಅಮೆರಿಕದ ಖಾಸಗಿ ನಿಲ್ದಾಣಗಳು ಬರುತ್ತವೆ, ಆಕ್ಸಿಯಮ್ ತನ್ನದನ್ನು ಕಟ್ಟುತ್ತಿದೆ. ರಷ್ಯಾ ಬೇರೆ ಕಟ್ಟುತ್ತೇನೆ ಅನ್ನುತ್ತಿದೆ. ಚೀನಾದ್ದು ಈಗಾಗಲೇ ಇದೆ. ಭಾರತ 2035ರ ಹೊತ್ತಿಗೆ ತನ್ನದನ್ನು ಕಟ್ಟುವ ಗುರಿ ಇಟ್ಟುಕೊಂಡಿದೆ.

ಪ್ರವಾಸಿಗೆ ಆಯ್ಕೆ ಜಾಸ್ತಿಯಾಗುತ್ತದೆ. ಆದರೆ ಒಬ್ಬರು ಕರೆಂಟ್ ಕೊಟ್ಟು ಇನ್ನೊಬ್ಬರು ಹಿಡಿದು ನಿಲ್ಲಿಸುವ ಮನೆ ಅದರಲ್ಲಿ ಒಂದೂ ಇರುವುದಿಲ್ಲ. ಅಲ್ಲಿಯವರೆಗೆ, ಯಾವತ್ತಾದರೂ ಸಂಜೆ ಆಕಾಶ ತಿಳಿಯಾಗಿದ್ದರೆ ಮಕ್ಕಳನ್ನು ತಾರಸಿಗೆ ಕರೆದುಕೊಂಡು ಹೋಗಿ ಆ ಚುಕ್ಕಿಯನ್ನು ತೋರಿಸಿ. ತಲೆಯ ಮೇಲೆ ಬಂದರೆ ನಾಲ್ಕೈದು ನಿಮಿಷ ಕಾಣುತ್ತದೆ.